ಹನ್ನೊಂದನೆಯ ನಿಯಮ

ಹಾಲೆ ಪಟ್ಟಣ, ಅಚ್ಚುಕೂಟದ ಮೇಲಿನ ಮಹಡಿ.
ಕೆಳಗೆ ಯಂತ್ರ ನಡೆದರೆ ನಮ್ಮ ಮಸಿಕುಡಿಕೆಗಳಲ್ಲಿ
ಸಣ್ಣ ಅಲೆ.
ಮೇಜಿನ ತುಂಬ ಚೀಟಿಯ ಡಬ್ಬಿಗಳು,
ಚೀಟಿಗೊಂದು ನೋವು:
ಕಾಲಿನೊಳಗೆ ಇಲಿ ಓಡಿದ ಹಾಗೆ.
ಹಲ್ಲು ಉದ್ದವಾದ ಹಾಗೆ.
ಮಲಗಿದ ಮಂಚ ತನ್ನದಲ್ಲವೆಂಬ ಹಾಗೆ, ಬೆಳಗಿನ ಜಾವ ಮಾತ್ರ.

ಹೋಮಿಯೋಪಥಿಯ ಹನಿ ಕುಡಿದು ನೋಡಿದ ಗಟ್ಟಿಮುಟ್ಟಾದವರು
ಎಂದೋ ಬರೆದಿಟ್ಟದ್ದು.
ಅದನ್ನೊಬ್ಬರು ಇಳಿಸಿಕೊಂಡು, ಅವರಿಂದ ಇನ್ನೊಬ್ಬರು ಇಳಿಸಿಕೊಂಡು
ಎಡಗಿವಿ ಬಲಗಿವಿಯಾಗಿತ್ತು.
ಯಾವನೋ ಗ್ರಂಥಕರ್ತನ ಕನ್ನಡಕ ಒಡೆದ ವಾರ
ಇಡೀ ಒಂದು ಅಧ್ಯಾಯಕ್ಕೆ ತಲೆಸುತ್ತು ಬಂದಿತ್ತು.

ನಿಯಮ ಬೇಕು, ಎಂದರು ಓರ್ಟ್ರುಡ್ ವೆಂಟ್ಸ್‌ಲಾಫ್,
ನಮ್ಮ ಸಂಪಾದಕಿ, ಮೊಣಕೈತನಕ ಕಪ್ಪು ತೋಳುಚೀಲ.
ಒಂದು: ಆಕರವಿಲ್ಲದ ಲಕ್ಷಣಕ್ಕೆ ಜಾಗವಿಲ್ಲ.
ಎರಡು: ಸತ್ತವರ ವಾಕ್ಯ ತಿದ್ದಕೂಡದು, ವ್ಯಾಕರಣ ತಪ್ಪಿದ್ದರೂ.
ಮೂರನೆಯದಕ್ಕೆ ನಾಲ್ಕು ದಿನ ಜಗಳ.

ಒಬ್ಬರಲ್ಲಿ ಕಂಡದ್ದಕ್ಕೆ ತೆಳು ಅಕ್ಷರ, ಹಲವರಲ್ಲಾದರೆ ದಪ್ಪ.
'ಹಲವರು ಅಂದರೆ ಎಷ್ಟು ಜನ?' ಡಾಕ್ಟರ್ ಬ್ಯೂರಿಂಗ್ ಕೇಳಿದರು.
ಮೂವರು ಎಂದಿತು ಒಂದು ದನಿ. ಐವರು, ಇನ್ನೊಂದು.
'ಕಡ್ಡಿ ಗುಡ್ಡವಾಗುವುದು ಇಲ್ಲೇ,' ಎಂದರು ಸಂಪಾದಕಿ,
'ಅಚ್ಚುಮೊಳೆಯ ದಪ್ಪದಲ್ಲಿ.'

ಮೊಳೆ ಜೋಡಿಸುವ ಗಿಸ್ಬೆರ್ಟ್ ಕರಡು ತಂದವನು ನಕ್ಕ:
'ಆ ಸೀಸೆಯಲ್ಲಿ ಏನೂ ಇಲ್ಲ ಅಂತಾನೆ ನನ್ನ ಭಾವ,
ಔಷಧದಂಗಡಿಯವನು.
ಏನೂ ಇಲ್ಲದ್ದಕ್ಕೆ ಇಷ್ಟೊಂದು ಅಲ್ಪವಿರಾಮವೇ?'
ಅವರು ತಲೆಯೆತ್ತಲಿಲ್ಲ.
'ನೀರಿಗೆ ನೆನಪಿದೆಯೋ ಇಲ್ಲವೋ ನಾನರಿಯೆ, ಗಿಸ್ಬೆರ್ಟ್.
ಕಾಗದಕ್ಕಂತೂ ಇರಬೇಕು.'

ನವೆಂಬರಿನಲ್ಲಿ ನನ್ನ ಕೈಗೆ ಬಂದ ಚೀಟಿ:
ರಾತ್ರಿ ಮೂರಕ್ಕೆ ಬಾಗಿಲು ತಟ್ಟಿದ ಸದ್ದು.
ಎದ್ದು ತೆರೆದರೆ ಯಾರೂ ಇಲ್ಲ. ಏಳು ರಾತ್ರಿ. ಎಲ್. ಕೆ.

ಐದು ಗ್ರಂಥಗಳಲ್ಲಿ ಇತ್ತು, ಐದರಲ್ಲೂ ದಪ್ಪಕ್ಷರ.
ಐದೂ ಒಂದರ ನಕಲು ಒಂದು.
ಒಬ್ಬಳೇ ಹೆಂಗಸು
ಐದು ಜನರಾಗಿ ಎದ್ದು ಬಾಗಿಲು ತೆರೆಯುತ್ತಿದ್ದಳು.

ಒಂದನೆಯ ನಿಯಮ ನನ್ನನ್ನು ಟೋರ್ಗೌ ರೈಲು ಹತ್ತಿಸಿತು.
ಪ್ರಯೋಗ ಮಾಡಿದ ವೈದ್ಯನ ಮರಿಮಗಳು
ಅಟ್ಟದಿಂದ ದಿನಚರಿ ಇಳಿಸಿ, ಏಪ್ರನ್ನಿನಿಂದ ಧೂಳು ಒರೆಸಿ,
'ಒಲೆಯ ಹತ್ತಿರ ಕೂತು ಓದಿ' ಎಂದಳು.
ಎಲ್. ಕೆ. ಎಂದರೆ ಲೀಸೆಟೆ ಕ್ರುಮ್‌ಹೋಲ್ಟ್ಸ್, ಮನೆಗೆಲಸದವಳು.
ಹನಿ ಕುಡಿದದ್ದು ಮಾರ್ಚ್ ಒಂಬತ್ತು.
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ವೈದ್ಯನದೇ ಕೈ:
ಎರಡನೆಯ ತಾರೀಖು ಇವಳ ಮಗುವನ್ನು ಮಣ್ಣು ಮಾಡಿದೆವು.

ಆ ಸದ್ದು ಸೀಸೆಯದಲ್ಲ.

ತೆಗೆದುಹಾಕಲೇಬೇಕು, ನಿಯಮ ನಮ್ಮದೇ.
ಬ್ಯೂರಿಂಗ್ ಕೆಂಪು ಪೆನ್ಸಿಲು ಎತ್ತಿದರು, ಇಳಿಸಿದರು.
'ಈ ಸಾಲು ನಂಬಿ ನಲವತ್ತು ವರ್ಷ ಔಷಧ ಕೊಟ್ಟೆ.
ಕೆಲವರಿಗೆ ನಿದ್ದೆ ಬಂತು.'
ಕಿಟಕಿಯಾಚೆ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿತು.
'ಯಾಕೆ ಬಂತೋ ಈಗ ಗೊತ್ತಿಲ್ಲ.'
ಮತ್ತೆ ಎತ್ತಿದರು. ಗೆರೆ ನೆಟ್ಟಗಿರಲಿಲ್ಲ.

ಅಂದು ಸಂಜೆ ಬರೆದದ್ದು ಹನ್ನೊಂದನೆಯದು:
ತೆಗೆದದ್ದನ್ನು ತೆಗೆದೆವೆಂದು ಹೇಳಬೇಕು.
ಸಾಲಿನ ಜಾಗ ಖಾಲಿ ಬಿಟ್ಟು
ಪುಟದಡಿಯಲ್ಲಿ ಕಾರಣ, ಹೆಸರು ಪೂರ್ತಿ.

ಗಿಸ್ಬೆರ್ಟ್ ಅಡಿಟಿಪ್ಪಣಿ ಓದಿದ,
ನಿಂತಲ್ಲೇ, ಇನ್ನೊಮ್ಮೆ.
ಅಕ್ಷರವಿಲ್ಲದ ಸೀಸದ ಪಟ್ಟಿಯೊಂದನ್ನು ಅಳೆದು
ಆ ಸಾಲಿನ ಜಾಗಕ್ಕೆ ಕೂರಿಸಿದ.
ಮೆಟ್ಟಿಲ ಅರ್ಧಕ್ಕೆ ಬಂದು ಕೂಗಿ ಕೇಳಿದ:
'ಕ್ರುಮ್‌ಹೋಲ್ಟ್ಸ್, ಮಕಾರ ಒಂದೋ ಎರಡೋ?
ನೋಡಿ ಹೇಳಿ. ಕಾಯುತ್ತೇನೆ.'